ಬಲಗೈ ಕಡೆಯ ಬೇಲಿ

…ಅಲ್ಲ ಹಾಲ್ವರ್, ಟ್ರ್ಯಾಕ್ಟರ್ ಕೆಳಗೆ ಸೇರ್ಕೊಂಡ್ರೆ ನಾನು ಹೊರಟುಹೋಗ್ತೀನಿ ಅಂದ್ಕೊಂಡ್ಯಾ? ಬೂಟು ಕಾಣ್ತಿದೆ ಮಾರಾಯ. ಎರಡೂ ಕಾಣ್ತಿದೆ! ಬಾ ಹೊರಗೆ. ಬರಲ್ವಾ? ಸರಿ, ಬರ್ಬೇಡ. ನಾನೂ ಈ ಬಕೆಟ್ ಬೋರಲು ಹಾಕ್ಕೊಂಡು ಇಲ್ಲೇ ಕೂತೆ. ಹತ್ತೊಂಬತ್ತು ವರ್ಷದಿಂದ ಈ ಟೌನ್‌ಶಿಪ್ಪಿಗೆ ಕ್ಲರ್ಕ್ ಆಗಿರೋ ಲುವೆಲ್ಲಾ ಗ್ರಾಬೋ ನಾನು. ಬೋರ್ಡ್ ಸಭೇಲಿ ಕ್ಲೆಟಸ್ ಒಂದು ಮೋರಿ ಬಗ್ಗೆ ಮೂರು ಗಂಟೆ ಮಾತಾಡಿದ್ದನ್ನ ಕೂತು ಕೇಳಿ, ಬರ್ಕೊಂಡು, ಆಮೇಲೆ ಅವನಿಗೇ ಓದಿ ಹೇಳಿದೋಳು. ನಿನ್ನ ಮೌನಕ್ಕೆ ಹೆದರ್ತೀನಾ?

ಇನ್ನೊಂದ್ಸಲ ಹೇಳ್ತೀನಿ, ಕೇಳಿಸ್ಕೊ. ನಿನ್ನೆ ಚುನಾವಣೇಲಿ ನೀನು ಗೆದ್ದಿದ್ದೀಯ. ಊರಿನ ರಸ್ತೆ, ಮೋರಿ ನೋಡ್ಕೊಳ್ಳೋ ಟೌನ್‌ಶಿಪ್ ಬೋರ್ಡಿಗೆ ಮೂರನೇ ಮೆಂಬರ್ ನೀನೇ. ಪ್ರಮಾಣವಚನದ ಕಾಗದ ತಂದಿದ್ದೀನಿ, ಪೆನ್ನು ತಂದಿದ್ದೀನಿ, ಖರ್ಜೂರದ ಸಿಹಿ ಬಾರ್ ಮಾಡ್ಕೊಂಡು ತಂದಿದ್ದೀನಿ. ಫ್ಲಾಸ್ಕಲ್ಲಿ ಕಾಫಿ ಇದೆ. ಇಷ್ಟು ಸೇವೆ ಗವರ್ನರ್‌ಗೂ ಸಿಗಲ್ಲ.

ಏನು… ಚುನಾವಣೆಗೆ ನಿಲ್ಲಲೇ ಇಲ್ಲ ಅಂತೀಯಾ? ಅಂದಿಲ್ಲ, ಗೊತ್ತು. ಆದ್ರೆ ಸ್ಪ್ಯಾನರ್ ಸದ್ದು ನಿಲ್ಲಿಸಿದ್ಯಲ್ಲ, ಅದರ ಅರ್ಥ ಅದೇ. ಯಾರೂ ನಿಲ್ಲಲಿಲ್ಲ! ರೋಲಂಡ್ ಮಂಡಿನೋವು ಅಂತ ಅರಿಜೋನಾ ಬಿಸಿಲಿಗೆ ಹೋಗಿ ಕೂತ. ಬೋರ್ಡಲ್ಲಿ ಅವನ ಜಾಗಕ್ಕೆ ಒಂದೂ ಅರ್ಜಿ ಬರ್ಲಿಲ್ಲ. ಚೀಟೀಲಿ ಖಾಲಿ ಗೆರೆ ಬಿಟ್ಟಿದ್ವಿ, ಯಾರ ಹೆಸರು ಬೇಕೋ ಬರೀರಿ ಅಂತ. ಬರೆದ್ರು. ನಿನ್ನ ಹೆಸರು ಬರೆದ್ರು. ಊರಿಗೆ ಊರೇ ನಿನ್ನನ್ನ ಕೇಳ್ತಿದೆ ಹಾಲ್ವರ್.

ಯಾಕೆ ನಗ್ತೀಯ? ಬೂಟು ಅಲ್ಲಾಡ್ತಿದೆ, ನಗ್ತಿದ್ದೀಯ ಅಂತ ಗೊತ್ತಾಗುತ್ತೆ.

ಸರಿ, ಊರಿಗೆ ಊರು ಅಂದ್ರೆ… ನಿನ್ನೆ ಹಿಮ ಹೆಂಗೆ ಬೀಸ್ತಿತ್ತು, ನಿಂಗೇ ಗೊತ್ತಲ್ಲ. ಓಟಿಗೆ ಬಂದೋರು ಒಂಬತ್ತು ಜನ. ಇನ್ನೂರ ಹನ್ನೆರಡು ಜನದ ಟೌನ್‌ಶಿಪ್ಪಿಗೆ ಒಂಬತ್ತು ಕಮ್ಮಿ ಏನಲ್ಲ. ನೀನೂ ಬಂದಿದ್ದೆ, ನಾಲ್ಕು ಗಂಟೆಗೆ. ಪರದೆ ಹಿಂದೆ ಹೋದೋನು ಹದಿನೈದು ನಿಮಿಷ ಈಚೆಗೇ ಬರ್ಲಿಲ್ಲ! ಎರಡೇ ಗೆರೆ ಚೀಟಿ ಅದು. ಒಂದು ಖಜಾಂಚಿದು, ಅದ್ರಲ್ಲಿ ಒಂದೇ ಹೆಸರು, ಇನ್ನೊಂದು ಖಾಲಿ. ನಿದ್ದೆ ಮಾಡ್ಬಿಟ್ಯೇನೋ ಅಂತ ಬಂದು ಕೆಮ್ಮೋಣ ಅಂದ್ಕೊಂಡಿದ್ದೆ.

ಮಾತು ತಪ್ಪಿಸ್ಬೇಡ ನೀನು.

ನೋಡು, ಇದು ತಮಾಷೆ ಅಲ್ಲ. ಹತ್ತು ದಿನದೊಳಗೆ ಯಾರಾದ್ರೂ ಪ್ರಮಾಣ ತಗೊಳ್ದೆ ಹೋದ್ರೆ ಕುರ್ಚಿ ಖಾಲಿ. ಉಳಿಯೋದು ಕ್ಲೆಟಸ್ಸು, ಮಾರ್ಲಿಸ್ಸು. ಎತ್ತು ಏರಿಗೆ, ಕೋಣ ನೀರಿಗೆ. ಅವನು ಜಲ್ಲಿ ಹಾಕ್ಬೇಕು ಅಂದ್ರೆ ಇವಳು ಬೇಡ ಅಂತಾಳೆ. ಇವಳು ಕಳೆ ಕೀಳಿಸ್ಬೇಕು ಅಂದ್ರೆ ಅವನು ಅದು ಕಳೆಯಲ್ಲ, ಹೂವು ಅಂತಾನೆ. ಹೋದ ತಿಂಗಳು ಸಭೆ ಮುಗಿಸೋಕೂ ಇಬ್ರಿಗೂ ಒಮ್ಮತ ಇಲ್ಲ! ನಾನೇ ದೀಪ ಆರಿಸಿ ಮನೆಗೆ ಬಂದೆ. ನಮ್ಮ ಮೇಲಿರೋ ಕೌಂಟಿ ಆಫೀಸಿನೋರು ಇದನ್ನೇ ಕಾಯ್ತಿದ್ದಾರೆ. ‘ನಿಮ್ಮ ಕೈಲಾಗಲ್ಲ, ಟೌನ್‌ಶಿಪ್ ಮುಚ್ಚಿಬಿಡಿ, ರಸ್ತೆ ನಾವು ನೋಡ್ಕೊತೀವಿ’ ಅಂತ. ಹೆಂಗೆ ನೋಡ್ಕೊತಾರೆ? ನಕ್ಷೇಲಿ ನೋಡ್ತಾರೆ! ಆರು ಮೈಲಿ ಉದ್ದ, ಆರು ಮೈಲಿ ಅಗಲ, ಮೂವತ್ತಾರು ಚೌಕ, ರಸ್ತೆಯೆಲ್ಲಾ ಗೆರೆ ಎಳೆದ ಹಾಗೆ ನೇರ, ಇನ್ನೇನು ಕಷ್ಟ ಅಂತಾರೆ. ನಿನ್ನ ಹೊಲದ ತಿರುವು ಅವರಿಗೇನು ಗೊತ್ತು?

ಹೂಂ. ಈಗ ಕಿವಿ ಕೊಟ್ಟೆ.

ಆ ಕಾಲದಲ್ಲಿ ಸರಪಳಿ ಹಿಡ್ಕೊಂಡು ಊರು ಅಳೆದ ಸರ್ವೆಯೋರಿಗೆ ಭೂಮಿ ಗುಂಡಗಿದೆ ಅನ್ನೋದು ನಮ್ಮೂರಿಗೆ ಬಂದ್ಮೇಲೇ ನೆನಪಾಗ್ಬೇಕಿತ್ತಾ? ಅಲ್ಲೀವರೆಗೆ ನೇರ ಬಂದ ರಸ್ತೆ ನಿನ್ನ ಹೊಲದ ಹತ್ರ ಥಟ್ ಅಂತ ಪಕ್ಕಕ್ಕೆ ತಿರುಗಿ, ಅರವತ್ತು ಗಜ ಹೋಗಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ನೇರ! ಗುಂಡಗಿರೋ ಭೂಮಿ ಮೇಲೆ ಚೌಕ ಸರಿಯಾಗಿ ಕೂರಲ್ಲ ಅಂತ ಅಲ್ಲಿ ಲೆಕ್ಕ ಸರಿಮಾಡ್ಕೊಂಡ್ರಂತೆ. ಅವರು ಲೆಕ್ಕ ಸರಿಮಾಡಿದ್ದಕ್ಕೆ ಪ್ರತಿ ಚಳಿಗಾಲ ಯಾರಾದ್ರೂ ಕಾರು ತಿರುಗಿಸ್ದೆ ನೇರ ಹೋಗಿ ನಿನ್ನ ಜೋಳದ ಕೂಳೆ ಮಧ್ಯೆ ಕೂರ್ತಾರೆ. ನೀನು ಟ್ರ್ಯಾಕ್ಟರ್ ತಂದು ಎಳೆದು ಹಾಕ್ತೀಯ. ಒಂದು ಮಾತಿಲ್ಲ. ಥ್ಯಾಂಕ್ಸ್ ಅನ್ನೋಕೆ ಬಾಯಿ ತೆರೆಯೋಷ್ಟ್ರಲ್ಲಿ ನೀನು ಮನೆ ಸೇರಿರ್ತೀಯ. ಇಂಥೋನು ಬೋರ್ಡಲ್ಲಿ ಇರ್ಬೇಕೋ ಬೇಡ್ವೋ?

ಮಾತಾಡೋಕೆ ಬರಲ್ಲ ಅಂತ ಮಾತ್ರ ಹೇಳ್ಬೇಡ! ಎರಡು ವರ್ಷದ ಹಿಂದಿನ ವಾರ್ಷಿಕ ಸಭೇಲಿ ಎದ್ದು ನಿಂತು ‘ಆ ಮೋರಿ ಸಣ್ಣದಾಯ್ತು’ ಅಂದ್ಯಲ್ಲ. ಅಷ್ಟೇ. ಕೂತ್ಕೊಂಡೆ. ಜನ ಬೆಚ್ಚಿಬಿದ್ರು. ಮಾರ್ಲಿಸ್ ಕೈಲಿದ್ದ ಕಾಫಿ ಚೆಲ್ಲಿತು. ಜೂನಲ್ಲಿ ಮಳೆ ಬಂತು. ಮೋರಿ ಹೋಯ್ತು, ಜೊತೆಗೆ ಕ್ಲೆಟಸ್ಸನ ಅಂಚೆಪೆಟ್ಟಿಗೆಯೂ ಹೋಯ್ತು. ಕ್ಲೆಟಸ್ ಮೂರು ಗಂಟೆ ಮಾತಾಡಿದ್ದು ಯಾರಿಗೂ ನೆನಪಿಲ್ಲ, ನಿನ್ನ ಮೂರು ಮಾತು ಇವತ್ತಿಗೂ ಊರಲ್ಲಿ ಓಡಾಡ್ತಿದೆ.

ಆಹಾ, ಬಂತು ಸವಾರಿ! ಬಾ, ಬಾ. ಮೋರಿ ಹೆಸರು ಹೇಳಿದ್ರೆ ಬರ್ತೀಯ ಅಂತ ಮೊದಲೇ ಗೊತ್ತಿದ್ರೆ ಅಲ್ಲಿಂದ್ಲೇ ಶುರು ಮಾಡ್ತಿದ್ದೆ. ಬಾರ್ ತಗೋ. ಕೈ ಒರೆಸ್ಕೊಂಡು ತಗೋ… ಆಯ್ತು, ಒರೆಸ್ಕೊಳ್ದೇನೇ ತಗೋ.

ಏನು ಹಂಗೆ ಬೆರಳು ತೋರಿಸ್ತೀಯ? ಎಷ್ಟು? ಎಷ್ಟು ಓಟು ಅಂತಾನಾ?

…ಬೇಕಾದಷ್ಟು.

ಬೇಕಾದಷ್ಟು ಅಂದ್ರೆ ಗೆಲ್ಲೋಕೆ ಬೇಕಾದಷ್ಟು. ಕಾಫಿ ಕುಡಿ.

ಅಡ್ಡಗೋಡೆ ಮೇಲೆ ದೀಪ ಇಡ್ತಿಲ್ಲ ನಾನು! ಹೇಳ್ತೀನಿ. ಒಂಬತ್ತು ಚೀಟೀಲಿ ಆರು ಜನ ಆ ಗೆರೆ ಖಾಲಿ ಬಿಟ್ಟಿದ್ರು. ಸೋಮಾರಿಗಳು! ಅಷ್ಟು ಹಿಮದಲ್ಲಿ ಬಂದು, ಒಂದು ಹೆಸರು ಬರೆಯೋಕೆ ಬೆರಳು ಸವೆದುಹೋಗುತ್ತಾ? ಮೂರು ಚೀಟೀಲಿ ಹೆಸರಿತ್ತು. ಮೂರು. ಸಾಕಲ್ವಾ? ಮುಗೀತು.

ಮೂರೂ ನಿಂದಾ ಅಂತ ಯಾಕೆ ಹುಬ್ಬು ಹಾರಿಸ್ತೀಯ?

ಒಂದು ಬಸ್ಟರ್‌ಗೆ ಬಿದ್ದಿತ್ತು. ಹೂಂ, ಕ್ಲೆಟಸ್ಸನ ನಾಯಿ. ಗುಟ್ಟೇನಿಲ್ಲ, ಅವನೇ ಬರೆದಿದ್ದು, ಅವನೇ ಬಾಗಿಲಲ್ಲಿ ನಿಂತು ಸಾರಿದ. ‘ರಸ್ತೇಲಿ ದಿನಾ ಕೂತಿರುತ್ತೆ, ಗುಂಡಿ ಎಲ್ಲಿದೆ ಅಂತ ಅದಕ್ಕೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ’ ಅಂದ. ಹೇಳ್ಬೇಕು ಅಂದ್ರೆ ನಾಯಿ ಕೆಟ್ಟ ಮೆಂಬರ್ ಆಗಲ್ಲ, ಆದ್ರೆ ಸಹಿ ಹಾಕ್ಬೇಕಲ್ಲ.

ಇನ್ನೊಂದು… ಇನ್ನೊಂದು ನನಗೆ! ಯಾವನೋ ಮೂರ್ಖ ನನ್ನ ಹೆಸರು ಬರೆದಿದ್ದಾನೆ. ಕ್ಲರ್ಕ್ ಆಗಿರೋಳು ಬೋರ್ಡಿಗೆ ಕೂರೋ ಹಾಗಿಲ್ಲ ಅನ್ನೋದು ತೊಟ್ಟಿಲ ಮಗುಗೂ ಗೊತ್ತು. ಒಬ್ಬಳಿಗೇ ಎರಡು ಕುರ್ಚಿ ಹೆಂಗೆ ಸಾಧ್ಯ? ಅಕ್ಷರನಾದ್ರೂ ನೆಟ್ಟಗಿದ್ಯಾ? ಕೋಳಿ ಕೆದರಿದ ಹಾಗೆ. ಮೂಲೇಲಿ ಕಪ್ಪು ಕಲೆ ಬೇರೆ. ಕಾಫಿ ಕುಡೀತಾ ಓಟು ಹಾಕಿರ್ಬೇಕು ಆ ದಡ್ಡ…

ಏನಾಯ್ತು? ಗಂಟಲಿಗೆ ಸಿಕ್ಕಿಕೊಳ್ತಾ? ನಿಧಾನ, ನಿಧಾನ. ಖರ್ಜೂರ ಅಂಟುತ್ತೆ. ನೀರು ಕುಡಿ. ಕಣ್ಣೆಲ್ಲಾ ಕೆಂಪಗಾಯ್ತಲ್ಲ.

ಹಾಂ, ಹಾಗಾಗಿ ನಾಯಿಗೆ ಒಂದು, ನನಗೊಂದು. ಎರಡೂ ಲೆಕ್ಕಕ್ಕಿಲ್ಲ. ಉಳಿದಿದ್ದು…

ಬೆರಳು ಮಡಚ್ಬೇಡ. ಬರುತ್ತೆ ನಂಗೂ ಲೆಕ್ಕ.

ಒಂದು! ಒಂದು ಓಟಲ್ಲಿ ಗೆದ್ದಿದ್ದೀಯ, ಸಾಕಾ? ಒಂದು ಓಟೂ ಓಟೇ ಹಾಲ್ವರ್. ಪ್ರಜಾಪ್ರಭುತ್ವ ಅಂದ್ರೆ ಅದೇ. ಆ ಒಬ್ಬರು ಮತದಾರರು ತುಂಬಾ ಯೋಚನೆ ಮಾಡಿ, ಊರಿನ ಹಿತ ನೋಡಿ, ಮೋರಿ, ರಸ್ತೆ, ಕಳೆ ಎಲ್ಲಾ ತೂಗಿ ನೋಡಿ…

ಹಾಗೆ ನೋಡ್ಬೇಡ.

ಯಾರು ಅಂತ ನಾನು ಹೆಂಗೆ ಹೇಳ್ಲಿ? ಗುಪ್ತ ಮತದಾನ. ನಾನು ಕ್ಲರ್ಕು. ಯಾರಾದ್ರೂ ಇರ್ಬೋದು. ಮಾರ್ಲಿಸ್… ಇಲ್ಲ, ಮಾರ್ಲಿಸ್ ಖಾಲಿ ಬಿಟ್ಟೆ ಅಂತ ಅವಳೇ ಅಂದ್ಲು. ಚರ್ಚಿನ ಹತ್ರದ ಆ ಹೊಸ ದಂಪತಿ… ಅವರಿಗೆ ನಿನ್ನ ಹೆಸರೇ ಗೊತ್ತಿಲ್ಲ, ‘ಎಳೆದು ಹಾಕೋರು’ ಅಂತಾರೆ. ಅದೇನು ಅಷ್ಟು ಮುಖ್ಯಾನಾ? ಏನಾದ್ರೂ ಅನ್ನೋ! ಸುಮ್ಮನೆ ಕಣ್ಣು ಬಿಟ್ಕೊಂಡು…

ನೀನು ಹಿಂಗೆ ಸುಮ್ಮನಿದ್ರೆ ನಾನು ಮಾತಾಡ್ತಾ ಹೋಗ್ತೀನಿ, ಮಾತಾಡ್ತಾ ಹೋದ್ರೆ ಏನೇನೋ ಬಾಯಿಗೆ ಬರುತ್ತೆ. ನಿಂಗೆ ಅದು ಗೊತ್ತು. ಗೊತ್ತಿದ್ದೇ ಸುಮ್ಮನಿದ್ದೀಯ. ಕಳ್ಳ!

ಸರಿ. ನಾನೇ. ನಾನೇ ಬರೆದಿದ್ದು.

ಆಯ್ತಲ್ಲ ಸಮಾಧಾನ? ಚೆನ್ನಾಗಿ ಬರೆದೆ, ದುಂಡಗೆ, ಟೌನ್‌ಶಿಪ್ ನೋಟೀಸ್ ಬರೆಯೋ ಹಾಗೆ. ಎಣಿಸೋವಾಗ ಮಾರ್ಲಿಸ್ ಆ ಚೀಟಿ ನೋಡಿದ್ಲು, ನನ್ನ ನೋಡಿದ್ಲು, ಮತ್ತೆ ಚೀಟಿ ನೋಡಿದ್ಲು. ಒಂದು ಮಾತು ಆಡ್ಲಿಲ್ಲ. ಮಾರ್ಲಿಸ್! ಅವಳ ಬಾಯಿ ಮುಚ್ಚಿದ್ದು ಟೌನ್‌ಶಿಪ್ ಚರಿತ್ರೇಲೇ ಮೊದಲು.

ಊರಿನ ಹಿತಕ್ಕೇ ಬರೆದೆ. ಅದು ಸುಳ್ಳಲ್ಲ. ಅರ್ಧ ಸುಳ್ಳಲ್ಲ.

ಇನ್ನರ್ಧನಾ… ನಮ್ಮಿಬ್ಬರ ಹೊಲದ ನಡುವಿನ ಬೇಲಿ ವಿಷಯ ತೆಗೀಲಾ? ತೆಗೀತೀನಿ. ನಿಮ್ಮಪ್ಪ, ನಮ್ಮಪ್ಪ ಬೇಲಿ ಮಧ್ಯಕ್ಕೆ ಹೋಗಿ ಎದುರುಬದುರು ನಿಂತು ಭಾಗ ಮಾಡ್ಕೊಂಡಿದ್ದು ನೆನಪಿದ್ಯಲ್ಲ? ಅವರವರ ಬಲಗೈ ಕಡೆ ಅರ್ಧ ಅವರವರ ಪಾಲು. ಅವತ್ತಿಂದ ದಕ್ಷಿಣದ ಅರ್ಧ ನಿಂದು, ಉತ್ತರದ ಅರ್ಧ ನಂದು. ನನ್ನ ಗಂಡ ವರ್ಜಿಲ್ ತೀರ್ಕೊಂಡು ಹನ್ನೊಂದು ವರ್ಷ ಆಯ್ತು. ಹನ್ನೊಂದು ವರ್ಷದಿಂದ ನನ್ನ ಅರ್ಧಕ್ಕೆ ನಾನು ಒಂದು ಮೊಳೆ ಹೊಡೆದಿಲ್ಲ. ಆದ್ರೂ ಪ್ರತಿ ವಸಂತದಲ್ಲಿ ಕಂಬ ನೆಟ್ಟಗೆ, ತಂತಿ ಬಿಗಿ! ಜಿಂಕೆಗಳು ಬಂದು ಸರಿಮಾಡಿ ಹೋಗುತ್ವಾ? ಪ್ರತಿ ಏಪ್ರಿಲ್ ಅಡುಗೆಮನೆ ಕಿಟಕಿಯಿಂದ ನೋಡ್ತೀನಿ, ನೀನು ಸುತ್ತಿಗೆ ಹಿಡ್ಕೊಂಡು ನಿನ್ನ ಪಾಲು ಮುಗಿಸ್ತೀಯ, ಮಧ್ಯದಲ್ಲಿ ನಿಂತು ಆ ಕಡೆ ಈ ಕಡೆ ನೋಡ್ತೀಯ, ಆಮೇಲೆ ಕಳ್ಳನ ಹಾಗೆ ನನ್ನ ಪಾಲಿಗೆ ಬರ್ತೀಯ. ಕಾಫಿಗೆ ಕರೆಯೋಣ ಅಂತ ಕೋಟು ಹಾಕ್ಕೊಂಡು ಬಾಗಿಲು ತೆಗೆಯೋಷ್ಟ್ರಲ್ಲಿ ನೀನಿಲ್ಲ! ಹನ್ನೊಂದು ವರ್ಷ ಕೋಟು ಹಾಕಿದ್ದೀನಿ, ಹನ್ನೊಂದು ವರ್ಷ ತೆಗೆದು ನೇತು ಹಾಕಿದ್ದೀನಿ.

ಅದಕ್ಕೇ ಬರೆದೆ. ಬೋರ್ಡಿಗೆ ಬಂದ್ರೆ ತಿಂಗಳಿಗೊಂದು ಮಂಗಳವಾರನಾದ್ರೂ ಮೇಜಿನ ಆಚೆ ಕೂರ್ತೀಯ. ಓಡಿಹೋಗೋಕಾಗಲ್ಲ, ಸಭೆ ಮುಗೀಬೇಕು. ನಿನ್ನ ಜೊತೆ ಕೂರ್ಬೇಕು ಅನ್ನಿಸ್ತು ಹಾಲ್ವರ್. ಅಷ್ಟೇ. ಹೇಳಿಬಿಟ್ಟೆ. ಈಗ ಬೇಕಾದ್ರೆ ಮತ್ತೆ ಟ್ರ್ಯಾಕ್ಟರ್ ಕೆಳಗೆ ಹೋಗು, ನಾನು ಏನೂ ಅಂದ್ಕೊಳ್ಳಲ್ಲ. ಅಂದ್ಕೊತೀನಿ, ಆದ್ರೆ ಹೇಳಲ್ಲ.

…ಏನು? ಕಾಗದನಾ? ಕಾಗದ ಕೊಡು ಅಂತಾನಾ? ತಗೋ. ಇಲ್ಲಿ, ಈ ಗೆರೆ ಮೇಲೆ ಸಹಿ. ಅಯ್ಯೋ, ಕೈ ಒರೆಸ್ಕೊಳ್ಳೋ! ನೋಡು, ಮೂಲೇಲಿ ಕಪ್ಪು ಹೆಬ್ಬೆಟ್ಟು ಒತ್ತಿಬಿಟ್ಟೆ. ಸರ್ಕಾರಿ ಕಾಗದ ಕಣೋ ಅದು, ಗ್ರೀಸ್ ಮೆತ್ತಿ…

ತಡಿ.

ತಡಿ, ತಡಿ. ಆ ಬೆರಳು ತೋರ್ಸು.

ಆ ಚೀಟಿ ಮೇಲಿದ್ದಿದ್ದು ಕಾಫಿ ಕಲೆ ಅಲ್ಲ.

ಹಾಲ್ವರ್… ಹದಿನೈದು ನಿಮಿಷ! ನನ್ನ ಹೆಸರು ಬರೆಯೋಕೆ ಹದಿನೈದು ನಿಮಿಷ ಬೇಕಾಯ್ತಾ ನಿಂಗೆ? ಅದಕ್ಕೇ ಗಂಟಲಿಗೆ ಸಿಕ್ಕಿಕೊಂಡಿದ್ದು! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನೋ, ಖರ್ಜೂರ ಅಂಟುತ್ತೆ ಅಂತ ನೀರು ಕೊಡ್ತಿದ್ದೆ! ಮೂರ್ಖ ಅಂದೆ, ದಡ್ಡ ಅಂದೆ, ಕೋಳಿ ಕೆದರಿದ ಹಾಗೆ ಅಂದೆ… ಅಂಥಾ ಕೆಟ್ಟದಾಗೇನೂ ಇರ್ಲಿಲ್ಲ ಬಿಡು ಅಕ್ಷರ. ಕೊನೇಲಿ ಸುಳಿ ಬೇರೆ ಹಾಕಿದ್ದೆ. ಚೆನ್ನಾಗಿತ್ತು ಸುಳಿ.

ಕಿವಿ ತನಕ ಕೆಂಪಾಗಿದ್ದೀಯ. ನಂಗೂ ಯಾಕೋ ಬಿಸಿ ಆಗ್ತಿದೆ, ಈ ಶೆಡ್ಡಲ್ಲಿ ಒಲೆ ಇದ್ಯಾ?

ಸರಿ, ಸರಿ. ಕಾನೂನು ಕಾನೂನೇ. ಸಹಿ ಒಂದೇ ಸಾಲದು, ಬಾಯಲ್ಲಿ ಹೇಳ್ಬೇಕು. ನಾನು ಒಂದೊಂದೇ ಮಾತು ಹೇಳ್ತೀನಿ, ನೀನು ಅದನ್ನೇ ತಿರುಗಿ ಹೇಳು. ಹೇಳೋಕಾಗಲ್ವಾ? ತಲೆ ಆಡಿಸು, ಸಾಕು, ನಾನು ಬರ್ಕೊತೀನಿ. ನಿಂತ್ಕೊ ನೇರಕ್ಕೆ. ಹೀಗೆ, ಎದುರುಬದುರು. ಬಲಗೈ ಎತ್ತು.

ಎತ್ತು ಅಂದೆ ಹಾಲ್ವರ್. ನನ್ನ ಕೈ ಹಿಡ್ಕೊ ಅಂದಿಲ್ಲ.

…ಏ, ಬಿಡು ಅಂದ್ನಾ ನಾನು? ಎಡಗೈ ಎತ್ತು. ಇವತ್ತಿಗೆ ಅದೇ ನಡೆಯುತ್ತೆ.