ಹರಿವಾಣಕ್ಕೆ ಬಿದ್ದ ಅಡಿಕೆ

ನೋಡು, ಮತ್ತೆ ಮಧ್ಯದಲ್ಲಿ ಬಾಯಿ ಹಾಕಿದೆ! ಒಂದು ಮಾತು ಪೂರ್ತಿ ಆಡೋಕೆ ಬುಡಲ್ವಲ್ಲ ರೇವಕ್ಕ ನೀನು. ನಿನ್ನ ಮಗಳು ಬೆಳ್ಳಿ ಬೆಳಗ್ಗೆಯಿಂದ ಉಂಡಿಲ್ಲ, ಅಳ್ತಾ ಕೂತವ್ಳೆ... ಕೇಳಿಸ್ತು ಕಣಕ್ಕ, ಕೇಳಿಸ್ತು. ಲೆಕ್ಕ ಓದದೆ ಟೀಚರ್ ಟ್ರೈನಿಂಗಿಗೆ ಸೇರಿಸ್ಕೊಳ್ಳಲ್ಲ, ಅದೂ ಗೊತ್ತು. ಅದಕ್ಕೆ ನಾನೇನು ಮಾಡ್ಲಿ? ಹೆಣ್ಣುಮಕ್ಕಳ ಸ್ಕೂಲಲ್ಲಿ ಲೆಕ್ಕ ತೆಗೆದು ಅಡುಗೆ, ಹೊಲಿಗೆ ಇಟ್ಟಿದ್ದು ನಾನಾ? ಕಮಿಟಿ ಕಣಕ್ಕ, ಕಮಿಟಿ!

ಎಲ್ಲಾ ಆ ಹೆಡ್‌ಮಿಸ್ಟ್ರೆಸ್ ಯಶೋದಮ್ಮನಿಂದ ಬಂದಿದ್ದು. ಮೈಸೂರಲ್ಲಿ ಬಿ.ಎ. ಮಾಡಿದ್ದಾಳಂತೆ. ಕೈಗೆ ವಾಚು, ಸೆರಗಿಗೆ ಪಿನ್ನು! ತಾಲ್ಲೂಕಿನ ಅಮಲ್ದಾರರ ಎದುರಿಗೇ ಕುರ್ಚಿ ಎಳ್ಕೊಂಡು ಕೂತು, ಗಂಡುಹುಡುಗರ ಲೆಕ್ಕವೇ ಹೆಣ್ಣುಮಕ್ಕಳಿಗೂ ಬೇಕು ಅಂತ ಭಾಷಣ. ಮಂಡ್ಯದ ಹೈಸ್ಕೂಲಲ್ಲಿ ನನ್ನ ಪಕ್ಕ ಕೂತು, "ಶಿವನಂಜಿ, ಈ ಬಡ್ಡಿ ಲೆಕ್ಕ ಹೆಂಗೆ ಮಾಡೋದೇ" ಅಂತ ಮೂಗು ಸುರಿಸ್ತಿದ್ದವಳು! ಅವರಪ್ಪ ಮುಂದಕ್ಕೆ ಓದಿಸಿದ. ನಮ್ಮಪ್ಪ ಎಸ್ಸೆಸ್ಸೆಲ್ಸಿಗೇ ಸಾಕು ಅಂದ, ಈ ಮಳವಳ್ಳಿಗೆ ಕೊಟ್ಟ. ಅವಳು ಬೋರ್ಡಿನ ಮುಂದೆ, ನಾನು ಒಲೆ ಮುಂದೆ... ಯಾಕೆ ನಗ್ತೀಯ? ಹೊಟ್ಟೆಕಿಚ್ಚಾ? ನನಗಾ? ಬುಡ್ತು ಅನ್ನು!

ಕಮಿಟಿಯೋರೇ ಎರಡು ಭಾಗ ಆದ್ರು ತಾನೆ? ಸಾಹುಕಾರ್ ಕೆಂಪಸಿದ್ದಯ್ಯನೋರು, "ಎಣ್ಣು ಲೆಕ್ಕ ಕಲಿತರೆ ಗಂಡನ ಜೇಬು ತಡಕ್ತಾಳೆ ಕಣ್ರಯ್ಯಾ" ಅಂದ್ರು. ಮುದ್ದಯ್ಯ ಮೇಷ್ಟ್ರು ಯಶೋದಮ್ಮನ ಕಡೆ ನಿಂತ್ರು. ಜಗಳ ಮುಗೀಲಿಲ್ಲ. ಕೊನೆಗೆ, ಹೆತ್ತ ತಾಯಂದಿರನ್ನೇ ಕೇಳಿಬುಡಿ ಅಂದ್ರು ಅಮಲ್ದಾರರು. ಗಂಡಸರ ಮುಂದೆ ನಮ್ಮ ಹೆಂಗಸರು ಕೈ ಎತ್ತುತ್ತಾರಾ? ಎಲ್ಲರೂ ಬಾಯಿಗೆ ಸೆರಗು ಇಟ್ಕೊಂಡು ಕೂತ್ರು. ಆಗ ದಾರಿ ತೋರಿಸಿದ್ದು... ಹೌದು, ನಾನೇ. "ಬಾಯಿ ಬುಡೋದೇ ಬೇಡ ಬುದ್ಧಿ, ಒಂದು ಹರಿವಾಣ ಇಡಿ. ಲೆಕ್ಕ ಬೇಕು ಅನ್ನೋರು ಅರಿಶಿನದ ಕೊಂಬು ಹಾಕ್ಲಿ, ಅಡುಗೆ, ಹೊಲಿಗೆ ಸಾಕು ಅನ್ನೋರು ಅಡಿಕೆ ಹಾಕ್ಲಿ" ಅಂದೆ. ಅಮಲ್ದಾರರು "ಭೇಷ್ ಕಣಮ್ಮ" ಅಂದ್ರು! ನನಗೆ! ಯಶೋದಮ್ಮನ ಮುಖ ನೋಡಬೇಕಿತ್ತು, ಬಿ.ಎ. ಓದಿದವಳಿಗೆ ಹೊಳೀಲಿಲ್ಲ ಅದು.

ಆಮೇಲೆ ನೀನೂ ಎದ್ದು ಬಂದೆ. ಅಡಿಕೆ ಹಾಕ್ದೆ. ನಾನೇ ಕಣ್ಣಾರೆ ಕಂಡೆ. ಅಡಿಕೇನೇ ಜಾಸ್ತಿ ಬಿತ್ತು, ಲೆಕ್ಕ ಹೋಯ್ತು. ಈಗ ಇಲ್ಲಿ ಬಂದು ಅಳೋದಾ? ನಿನಗೆ ಲೆಕ್ಕ ಬೇಕಿದ್ರೆ ಅರಿಶಿನ...

ಏನು? ಹೆಂಗೆ ಮುಟ್ಲಿ ಅಂತಲಾ?

ಓ... ಹೌದಲ್ವಾ. ಗಂಡನ್ನ ಕಳಕೊಂಡೋರು ಸಭೇಲಿ ಅರಿಶಿನ ಮುಟ್ಟಲ್ಲ. ನನಗೆ ಹೊಳೀಲೇ ಇಲ್ಲ ಕಣಕ್ಕ! ನನ್ನ ಮಗೀನ ಆಣೆ... ಬೇಡ, ಮಗೀನ ಆಣೆ ಯಾಕೆ, ನನ್ನಾಣೆ! ನೀನು, ಮಾಯಮ್ಮ, ಆ ಮೇಲಿನ ಬೀದಿ ದೊಡ್ಡತಾಯಮ್ಮ... ಮಗಳು ಟೀಚರಾದ್ರೆ ಮನೆಗೊಂದು ಸಂಬಳ ಬತ್ತದೆ ಅಂತ ಕಾಯ್ತಿರೋರು ನೀವೇ. ನೀವೆಲ್ಲಾ ಯಶೋದಮ್ಮನ ಕಡೆಗೇ ಬೀಳ್ತೀರಿ ಅಂತ ಮೊದಲೇ ನಾನು...

ಮೊದಲೇ ಅಲ್ಲ. ಆಮೇಲೆ. ಆಮೇಲೆ ಯೋಚನೆ ಮಾಡ್ದೆ.

ಹಂಗೆ ನೋಡಬೇಡ ರೇವಕ್ಕ. ಬೈಯಿ ಬೇಕಾದ್ರೆ. ಬೆಳ್ಳೀನ ನನ್ನ ಹತ್ರ ಕಳಿಸು, ನಾನೇ ಲೆಕ್ಕ ಹೇಳ್ಕೊಡ್ತೀನಿ, ಆ ಯಶೋದಮ್ಮನಿಗಿಂತ ಚೆಂದಾಗಿ ಹೇಳ್ಕೊಡ್ತೀನಿ... ಗೊತ್ತು, ನನ್ನ ಪಾಠಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲ್ಲ. ಎದ್ಯಾ? ಕೂತ್ಕೊ, ಒಂದು ಲೋಟ ಮಜ್ಜಿಗೆ ಕುಡಿ. ಹಿಂಗೆ ಹೊಸ್ತಿಲು ದಾಟಬೇಡ ಕಣಕ್ಕ...

ಏನಂದೆ?

ಅರಿಶಿನ ಅಡುಗೆಮನೆ ಸಾಮಾನು ಅಲ್ವಾ. ಅದನ್ನ ಅಡುಗೆ ಪಾಠಕ್ಕೆ ಇಡದೆ, ಲೆಕ್ಕಕ್ಕೆ ಯಾಕೆ ಇಟ್ಟೆ ಅಂತಲಾ?