ಹಲ್ಲು ಕೀಳಿಸಲು ಬಂದವರು

ಎರ್ನಾಕುಲಂನ ಪ್ರಾಣಿಗಳ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕಾಸರಗೋಡಿನ ವಕೀಲರೊಬ್ಬರು ನಾಯಿಮರಿ ಹಿಡಿದು ಕೂತಿದ್ದರು. ಬೆಕ್ಕು ತಂದಿದ್ದ ಸುಗುಣಕ್ಕ ವಕೀಲರಿಗೆ ಪರಿಚಯದವರು; ಅವರೇ ಮಾತು ತೆಗೆದರು.

“ಇದಕ್ಕೆ ಎಂತ ಆಗಿದೆ, ವಕೀಲರೇ?”

“ಎಂತ ಆಗ್ಲಿಲ್ಲ. ಹಲ್ಲು ಕೀಳಿಸ್ಲಿಕ್ಕೆ ತಂದದ್ದು.”

“ಹಲ್ಲಾ?”

“ಎಲ್ಲವನ್ನೂ. ಚಪ್ಪಲಿ, ಕನ್ನಡಕ, ಕಡೆಗೆ ಕೋರ್ಟಿನ ಕೋಟನ್ನೂ ಕಚ್ಚಿ ಹರಿದು ಹಾಕಿತು. ಹೊಡೆದರೂ ಬಿಡುವುದಿಲ್ಲ.”

“ಅಯ್ಯೋ ದೇವರೇ, ಹೊಡೆದಿರಾ! ಎಷ್ಟು ತಿಂಗಳು ಇದಕ್ಕೆ?”

“ನಾಲ್ಕು ಕಳೀತು.”

“ಹಾಲುಹಲ್ಲು ಬೀಳುವ ಹೊತ್ತು, ಮಾರಾಯ್ರೇ! ಒಸಡು ನೋಯ್ತದೆ, ಅದಕ್ಕೇ ಕಚ್ಚುವುದು. ಚಪ್ಪಲಿ ಎತ್ತಿಡಿ, ಕಚ್ಚಲಿಕ್ಕೆ ತಣ್ಣಗಿನ ಒದ್ದೆ ಬಟ್ಟೆ ಕೊಡಿ.”

ವಕೀಲರು ಮರಿಯ ತುಟಿ ಎತ್ತಿ ನೋಡಿದರು. ಒಸಡು ಕೆಂಪಾಗಿ ಊದಿತ್ತು. ಅವರ ಮುಖ ಬಿಳಿಚಿತು.

“ನೋವಿಗೆ ಕಚ್ಚಿದ್ದಕ್ಕೆ ನಾನು ಹೊಡೆದದ್ದಾ, ಅಕ್ಕಾ?”

ಅಷ್ಟರಲ್ಲಿ ಒಳಗಿನಿಂದ ವಕೀಲರ ಹೆಸರು ಕರೆದರು. ಅವರು ಮರಿಯನ್ನು ಎದೆಗವಚಿಕೊಂಡು ಹೊರಗೆ ನಡೆದುಬಿಟ್ಟರು.