ಡಿ'ಸೋಜಾ ಎಂಬ ಹೆಸರಿನ ಕೊಕ್ಕೆ

...ಕೂತ್ಕಳಿ ಥಿಯೋಡೋರ್, ಸ್ಕೂಲಿನ ಕಂಪ್ಯೂಟರ್ ಲ್ಯಾಬಲ್ಲಿ ಈಗ ಮಕ್ಕಳಿಲ್ಲ. ಆಲೂರು ಬಸ್ಸಿಗೆ ಇನ್ನೂ ಹೊತ್ತೈತೆ. ಐದೇ ನಿಮಿಷ.

ಇದೇ ನೋಡಿ, ನಾನು ಮಾಡಿದ ರಕ್ತದಾನಿಗಳ ಪಟ್ಟಿ. ಹೆತ್ತೂರಿಂದ ಕೆ. ಹೊಸಕೋಟೆವರೆಗೆ ಹೆಸರು ಕೊಟ್ಟೋರೆಲ್ಲ ಇದಾರೆ, ನೀವೊಬ್ರು ಬಿಟ್ಟು. ಯಾಕೆ ಅಂತ ನಿನ್ನೆ ಗೊತ್ತಾಯ್ತು... ಹೌದು ಕಣ್ರೀ, ನಿನ್ನೇನೇ. ಯಾಕೆ ಹಂಗೆ ನೋಡ್ತೀರಿ?

ಹೆಸರನ್ನ ಎರಡು ಕೊಕ್ಕೆ ಗುರುತಿನ, ಅದೇ ಸಿಂಗಲ್ ಕೋಟಿನ, ನಡುವೆ ಇಟ್ಟು, ಕಂಪ್ಯೂಟರಿಗೆ ಕೊಡೋ ಅಪ್ಪಣೆಯ ಸಾಲಿಗೇ ಹೊಲಿದು ಡೇಟಾಬೇಸಿಗೆ ಕಳಿಸ್ತಿದ್ದೆ. ಜವರಯ್ಯ ಅಂದ್ರೆ ತೊಂದ್ರೆ ಇಲ್ಲ, ದೇವೀರಮ್ಮ ಅಂದ್ರೂ ಇಲ್ಲ. ನಿಮ್ಮದು ಡಿ'ಸೋಜಾ. ಇಂಗ್ಲಿಷಲ್ಲಿ ಡಿ ಆದ್ಮೇಲೆ ನಿಮಗೂ ಒಂದು ಕೊಕ್ಕೆ ಐತಲ್ಲ, ಹೆಸರು ಅಲ್ಲಿಗೇ ಮುಗೀತು ಅಂದ್ಕಂಬುಡ್ತು ಕಂಪ್ಯೂಟರು. ಉಳಿದ ಸೋಜಾನ ಅಪ್ಪಣೆ ಅಂತ ಓದಕ್ಕೋಗಿ, ಅರ್ಥವಾಗ್ದೆ ಇಡೀ ಸಾಲನ್ನೇ ಎಸೀತು. ನಗಬೇಡಿ... ಸರಿ, ನೀವು ನಗಲಿಲ್ಲ.

ಈಗ ಬದಲಾಯಿಸಿದೀನಿ. ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಹೆಸರು ಬೇರೆಯಾಗಿ, ಪ್ಯಾರಾಮೀಟರ್ ಆಗಿ ಹೋಗುತ್ತೆ. ಒಳಗೆ ಕೊಕ್ಕೆ ಇರ್ಲಿ, ಏನೇ ಇರ್ಲಿ, ಹೆಸರು ಹೆಸರಾಗೇ ಉಳಿಯುತ್ತೆ. ಕಾಲು ಗಂಟೆ ಕೆಲಸ... ಕಾಲೇ ಗಂಟೆ.

ಹೆರಿಗೇಲಿ ನನ್ನ ನವ್ಯಶ್ರೀಗೆ ರಕ್ತ ನಿಲ್ದೇ ಇದ್ದಾಗ ಇದರಲ್ಲೇ ಹುಡುಕ್ದೆ. ಓ ನೆಗೆಟಿವ್. ಯಾರೂ ಇಲ್ಲ ಅಂತು, ನಂಬಿದೆ. ನೀವು ಎರಡು ಮೈಲಿ ಆಚೆ ಎಸ್ಟೇಟ್ ಆಫೀಸಲ್ಲೇ ಲೆಕ್ಕ ಬರೀತಾ ಇದ್ರಿ.

ಆಮೇಲೆ ಜನ ಕೇಳಿದ್ರು, ಎಸ್ಟೇಟ್ ರೈಟರ್ ಡಿ'ಸೋಜಾರದ್ದೂ ಅದೇ ಗುಂಪಲ್ವಾ ಅಂತ. ಅವರು ಹೆಸರೇ ಕೊಟ್ಟಿರಲಿಲ್ಲ ಅಂದ್ಬುಟ್ಟೆ. ಹೆಂಡ್ತಿ ಸತ್ತೋನ ಮಾತು, ಯಾರು ಅನುಮಾನ ಪಡ್ತಾರೆ? ನಮ್ಮತ್ತೆ ಸರೋಜಮ್ಮ ಈಗ ನಿಮ್ಮನ್ನ ಕಂಡ್ರೆ ಮುಖ ತಿರುಗಿಸ್ತಾರಂತೆ. ನಾನೇ ಹೋಗಿ ಹೇಳ್ತೀನಿ, ಅದು ಕಂಪ್ಯೂಟರ್ ದೋಷ, ನನಗೂ ಗೊತ್ತಿರಲಿಲ್ಲ ಅಂತ. ಆಯ್ತಾ?

ಏನಾದ್ರೂ ಅನ್ನಿ ಮಾರಾಯ್ರೇ. ಬೈರಿ ಬೇಕಾದ್ರೆ.

ಹೋಗ್ಲಿ, ಹೆಸರು ನೀವೇ ಟೈಪ್ ಹೊಡೀರಿ. ಹಾಂ... ಅದ್ಯಾಕೆ, ಕೊಕ್ಕೆ ಬಿಟ್ಬುಟ್ರಲ್ಲ? ಹಾಕಿ, ಈಗ ಹಾಕಬೋದು ಅಂದ್ನಲ್ಲ. ಬಿಡಿ ಅಂತ ಯಾರು ಹೇಳಿದ್ರು ನಿಮಗೆ...

ಥಿಯೋಡೋರ್.

ರಕ್ತದಾನ ಶಿಬಿರದ ದಿನ ನಾನೇ ಹೇಳಿದ್ದೆ, ಅಲ್ವಾ. ನಿಮ್ಮೆದುರಿಗೇ ಎರಡು ಸಲ ಹೊಡ್ದೆ, ಎರಡು ಸಲಾನೂ ಸೇರಲಿಲ್ಲ. ಕೊಕ್ಕೆ ತೆಗೆದು ಬರ್ಕಳ್ಳಾ ಅಂದೆ. ಅಪ್ಪನ ಹೆಸರು, ಹಂಗೇ ಇರ್ಲಿ ಅಂದ್ರಿ. ಸಂಜೆ ಸರಿ ಮಾಡಿ ಸೇರಿಸ್ತೀನಿ ಅಂದಿದ್ದೆ.

ಇಷ್ಟು ದಿನ ಊರೆಲ್ಲ ನಿಮ್ಮನ್ನ ಅಂತಿದ್ರೂ... ಹೆಸರು ಕೊಟ್ಟಿದ್ದೆ ಅಂತ ಯಾರ ಹತ್ರಾನೂ ಹೇಳಲಿಲ್ವಾ ನೀವು?